ಮುಂದಿನ ಒಂಟೆಯ ಮೂಗುದಾರ

ಹಗ್ಗ ತನ್ನ ಕೈಗೇ ಬರುತ್ತದೆಂದು ಉಲ್ಬೋಸಿನ್ ಇಪ್ಪತ್ತು ವರ್ಷ ಕಾದಿದ್ದಳು. ಉಳಿದದ್ದು ಬಾಲ.

ಹಗ್ಗವೆಂದರೆ ಕೊಂಗಿರ್ ಎಂಬ ಕಂದು ಹೆಣ್ಣೊಂಟೆಯ ಮೂಗುದಾರ. ಮಂಗಿಸ್ತಾವಿನ ಸುಣ್ಣದ ಬೆಟ್ಟಗಳ ಬುಡದಲ್ಲಿ ಈ ಮನೆಯವರ ಬಿಡಾರವಿತ್ತು. ರಜೆಗೆಂದು ಬರುವ ಪಟ್ಟಣದವರನ್ನು ಒಂಟೆ ಹತ್ತಿಸಿ, ಕಣಿವೆಗಳನ್ನೆಲ್ಲ ಸುತ್ತಿಸಿ, ಸಂಜೆಗೆ ಮರಳಿ ಕರೆತಂದು ಹೊಟ್ಟೆ ತುಂಬ ಉಣ್ಣಿಸಿ ಕಳಿಸುವುದು ಇವರ ಬದುಕು. ಸಾಲಿನಲ್ಲಿ ಎಷ್ಟು ಒಂಟೆಗಳಿದ್ದರೂ ಎಲ್ಲಕ್ಕಿಂತ ಮುಂದಿನದು ಕೊಂಗಿರ್. ಅದರ ಮೂಗುದಾರ ಹಿಡಿದು ನಡೆಯುವವಳು ಆ ಮನೆಯ ಯಜಮಾನಿ. ಗಂಡಸರು ಆ ಹಗ್ಗ ಮುಟ್ಟುವುದಿಲ್ಲ. ಗುಡಾರ ಕಿತ್ತು ಹುಲ್ಲುಗಾವಲಿನಿಂದ ಹುಲ್ಲುಗಾವಲಿಗೆ ಹೊರಡುತ್ತಿದ್ದ ಕಾಲದಲ್ಲೂ ಹಾಗೆಯೇ ಇತ್ತು, ತಂಪು ಕನ್ನಡಕದ ಅತಿಥಿಗಳನ್ನು ಹೊತ್ತು ತಿರುಗುವ ಈ ಕಾಲದಲ್ಲೂ ಹಾಗೆಯೇ ಇದೆ. ಸಾಲಿನ ಕಟ್ಟಕಡೆಗೆ ನಡೆಯುವವಳಿಗೆ ಬಾಲದವಳು ಎನ್ನುತ್ತಾರೆ. ಯಾರ ಜೀನು ಜಾರಿತು, ಯಾವ ಒಂಟೆ ಕುಂಟಿತು, ಮುಂದೆ ದಾರಿ ಎಲ್ಲಿ ಕೆಟ್ಟಿದೆ ಎಂದು ನೋಡಿ ಮುಂದಿನವಳಿಗೆ ಕೂಗಿ ಹೇಳುವುದು ಅವಳ ಕೆಲಸ. ದೂಳು ತಿನ್ನುವುದೂ ಅವಳದೇ ಕೆಲಸ.

ಇಷ್ಟು ವರ್ಷ ಹಗ್ಗ ಅತ್ತೆ ಕಲಾಂಪಿರಳದಾಗಿತ್ತು, ಬಾಲ ಉಲ್ಬೋಸಿನಳದಾಗಿತ್ತು. ಈ ವಸಂತದಲ್ಲಿ ಮುದುಕಿಯ ಮಂಡಿ ಹಿಡಿಯಿತು. ಕೋಲಿಲ್ಲದೆ ಗುಡಾರದ ಹೊಸ್ತಿಲು ದಾಟುವುದೂ ಕಷ್ಟವಾಯಿತು. ಅತ್ತೆಯ ಮಂಡಿಗೆ ಕೊಬ್ಬು ಕಾಯಿಸಿ ತಿಕ್ಕುವಾಗ ಉಲ್ಬೋಸಿನಳಿಗೆ ಪಾಪ ಅನ್ನಿಸುತ್ತಿತ್ತು, ಸುಳ್ಳಲ್ಲ. ಅದರ ಜತೆಗೆ ಒಳಗೊಳಗೇ ಸಣ್ಣದೊಂದು ಖುಷಿಯೂ ಆಗುತ್ತಿತ್ತು, ಅದೂ ಸುಳ್ಳಲ್ಲ.

ಆ ಬೆಳಿಗ್ಗೆ ಅತಿಥಿಗಳು ಚಹಾ ಕುಡಿದು, ಎಣ್ಣೆಯಲ್ಲಿ ಕರಿದ ಬೌರ್ಸಾಕ್ ಮೆದ್ದು, ಒಂಟೆಗಳ ಸುತ್ತ ಫೋಟೊ ತೆಗೆಯುತ್ತ ನಿಂತಿದ್ದರು. ಉಲ್ಬೋಸಿನ್ ಪೆಟ್ಟಿಗೆಯಿಂದ ಹೊಸ ಬಿಳಿ ತಲೆವಸ್ತ್ರ ತೆಗೆದು ಕಟ್ಟಿಕೊಂಡು ಬಂದಿದ್ದಳು. ಯಾರೂ ಕಟ್ಟಿಕೋ ಎಂದಿರಲಿಲ್ಲ. ಕಲಾಂಪಿರ್ ಕೋಲೂರುತ್ತ ಬಂದಳು. ಹಿರಿಸೊಸೆಯ ಮುಂದೆಯೇ ಹಾದುಹೋಗಿ, ಅತಿಥಿಗಳ ನಡುವೆ ನಗುತ್ತ ನಿಂತಿದ್ದ ಕಿರಿಸೊಸೆ ಅಕ್ಲಿಮಾಳ ಕೈಯಲ್ಲಿ ಹಗ್ಗ ಇಟ್ಟಳು.

"ಹಿಡ್ಕೊ ಮಗಳೇ. ಇನ್ಮೇಲೆ ಇದು ನಿಂದು."

"ಅಯ್ಯೋ ಅಪಾ, ನಂಗ್ಯಾಕೆ? ಅಕ್ಕ ಇದಾರಲ್ಲ!" ಎಂದಳು ಅಕ್ಲಿಮಾ. ಸೊಸೆಯರಿಬ್ಬರೂ ಅತ್ತೆಯನ್ನು ಅಪಾ ಎಂದೇ ಕರೆಯುತ್ತಿದ್ದರು.

"ಕಿರಿಮಗನ ಹೆಂಡ್ತಿ ನೀನು. ಮನೆ ಯಾರ್ದೋ ಹಗ್ಗಾನೂ ಅವ್ರದ್ದು. ನಾನು ಮಾಡಿದ ರೂಢಿಯೇನಲ್ಲ ಇದು." ಮುದುಕಿ ಹಿಂದೆ ತಿರುಗಿದಳು. "ದಾರಿ ಗೊತ್ತಿಲ್ಲ ಅಂತ ಹೆದರ್ಬೇಡ. ದೊಡ್ಡೋಳು ಬಾಲದಲ್ಲಿರ್ತಾಳೆ. ಎಲ್ಲಿ ಹೇಗೆ ಅಂತ ಕೂಗಿ ಹೇಳ್ತಾಳೆ. ಏನೇ?"

"ಹೂಂ ಅಪಾ," ಎಂದಳು ಉಲ್ಬೋಸಿನ್. ತಲೆವಸ್ತ್ರ ಇದ್ದಕ್ಕಿದ್ದಂತೆ ಬಿಗಿಯಾಯಿತು.

ಅಲ್ಲಿಯ ರೂಢಿ ಅದೇ. ಹಿರಿಮಕ್ಕಳು ಮದುವೆಯಾದ ಮೇಲೆ ಬೇರೆ ಗುಡಾರ ಹೂಡಬೇಕು. ತಂದೆಯ ಮನೆ, ತಂದೆಯ ಒಲೆ ಕಿರಿಮಗನಿಗೆ. ಉಲ್ಬೋಸಿನಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಕಿರಿಯ ನುರ್ಜಾವ್ ಸಮುದ್ರದ ಎಣ್ಣೆಬಾವಿಗಳಿಗೆ ದುಡಿಯಲು ಹೋದವನು ವರ್ಷಗಟ್ಟಲೆ ಇತ್ತ ತಲೆಹಾಕಿರಲಿಲ್ಲ. ಅಷ್ಟೂ ವರ್ಷ ಆ ಒಲೆ ಹೊತ್ತಿಸಿದವಳು, ಅತ್ತೆಯ ಬೆನ್ನು ತಿಕ್ಕಿದವಳು, ಹೆಣ್ಣೊಂಟೆಗಳ ಹೆರಿಗೆಗೆ ರಟ್ಟೆ ಕೊಟ್ಟವಳು ಇವಳು. ರೂಢಿ ಈ ಮನೆಯ ವಿಳಾಸ ಮರೆತಿದೆ ಎಂದೇ ನಂಬಿಬಿಟ್ಟಿದ್ದಳು. ಅಷ್ಟರಲ್ಲಿ ನುರ್ಜಾವ್ ಬಂದ, ಜತೆಗೆ ಅಕ್ಲಿಮಾಳನ್ನು ತಂದ.

ಅಕ್ಲಿಮಾ ಅಕ್ತಾವ್ ಪಟ್ಟಣದ ಹೋಟೆಲಿನಲ್ಲಿ ಅತಿಥಿಗಳನ್ನು ಎದುರುಗೊಳ್ಳುವ ಕೆಲಸದಲ್ಲಿದ್ದವಳು. ಒಂಟೆಯ ಹಾಲು ಕರೆಯಲು ಬಾರದು. ಅವಳು ಹುಳಿಗಿಟ್ಟ ಒಂಟೆಹಾಲಿನ ಶುಬಾತ್ ಕುಡಿದರೆ ಒಂಟೆಯೇ ಮುಖ ಹಿಂಡಬೇಕು. ಆದರೆ ಅವಳು ಬಾಯಿ ಬಿಟ್ಟರೆ ಬಂದವರು ಕರಗುತ್ತಿದ್ದರು. ಮಾತು ಬೆಣ್ಣೆ, ನಗು ಬೆಣ್ಣೆ. ಕಡೆಗೆ, ಇಪ್ಪತ್ತು ವರ್ಷದಲ್ಲಿ ಉಲ್ಬೋಸಿನಳ ಅಡುಗೆಗೆ 'ಪರವಾಗಿಲ್ಲ' ಎಂಬುದಕ್ಕಿಂತ ದೊಡ್ಡ ಮಾತಾಡದ ಕಲಾಂಪಿರ್ ಕೂಡ ಈ ಹುಡುಗಿ ಸೀಯಿಸಿದ ರೊಟ್ಟಿಯನ್ನು ನಗುತ್ತ ತಿಂದಳು. ಉಲ್ಬೋಸಿನಳ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಆ ರೊಟ್ಟಿಯಿಂದಲೇ ಇರಬೇಕು.

ಅವಳ ಗಂಡ ಬೈಸಾಲ್ ಜೀನು ಬಿಗಿಯುತ್ತ ಹೆಂಡತಿಯ ಮುಖ ನೋಡಿದ. "ಬಾಲ ಅಂದ್ರೆ ಕಮ್ಮಿ ಅಂತ ತಿಳ್ಕೋಬೇಡ ಮಾರಾಯ್ತಿ. ನಂಬಿಕಸ್ತರಿಗೇ ಕೊಡೋದು ಅದನ್ನ."

"ಹಾಗಾದ್ರೆ ನೀವೇ ಬನ್ನಿ ಬಾಲಕ್ಕೆ. ಹಿಂದಿನ ಒಂಟೆ ಒದ್ದಾಗ ನಂಬಿಕೆ ಎಲ್ಲಿಗೆ ತಾಗ್ತು ಅಂತ ನಂಗೆ ಹೇಳುವಿರಂತೆ."

ಬೈಸಾಲ್ ಇನ್ನೊಂದು ಒಂಟೆಯ ಕಡೆ ಹೋದ. ಜಾಣ.

ಒಂಟೆಗಳನ್ನು "ಶೋಕ್, ಶೋಕ್" ಎಂದು ಕೂರಿಸಿ ಅತಿಥಿಗಳನ್ನು ಹತ್ತಿಸಿದರು. ಅಲ್ಮಾಟಿಯಿಂದ ಬಂದಿದ್ದ ದೊಡ್ಡ ಟೋಪಿಯ ಹೆಂಗಸು ಕೊಂಗಿರ್ ಮೇಲೆ ಕೂತಳು. ಕೊನೆಯ ಒಂಟೆಗೆ ದಪ್ಪನೆಯ ಗಂಡಸೊಬ್ಬ ಬಂದ. ಅವನು ಮುಂದಿನ ಡುಬ್ಬವನ್ನು ತಬ್ಬಿಕೊಂಡ ಬಗೆ ನೋಡಿದರೆ ಹೆಂಡತಿಯನ್ನು ಎಂದೂ ಹಾಗೆ ತಬ್ಬಿರಲಿಕ್ಕಿಲ್ಲ. ಸಾಲು ಹೊರಟಿತು.

ಮುಂದೆ ಅಕ್ಲಿಮಾ, ಕೈಯಲ್ಲಿ ಹಗ್ಗ, ನಡಿಗೆಯಲ್ಲಿ ಹಬ್ಬ. ಹಿಂದೆ ಅಷ್ಟೂ ಒಂಟೆಗಳ ಕಾಲುದೂಳು, ಅದರ ಹಿಂದೆ ಉಲ್ಬೋಸಿನ್. ಗುಂಡುಕಲ್ಲುಗಳ ಕಣಿವೆ ಬಂತು. ಮುಂದಿನಿಂದ ಅಕ್ಲಿಮಾಳ ದನಿ ಕೇಳಿತು: ಇವು ಮದುಮಗಳೊಬ್ಬಳ ಸರ ಹರಿದು ಚೆಲ್ಲಿದ ಮಣಿಗಳಂತೆ, ಅವಳು ಇನ್ನೂ ಹುಡುಕುತ್ತಿದ್ದಾಳಂತೆ. ಅತಿಥಿಗಳು ಆಹಾ ಎಂದರು. ಈ ಕಲ್ಲುಗಳ ನಡುವೆ ಇಪ್ಪತ್ತು ವರ್ಷ ಓಡಾಡಿದ ಉಲ್ಬೋಸಿನಳಿಗೆ ಅಂಥ ಮದುಮಗಳು ಒಮ್ಮೆಯೂ ಎದುರಾಗಿರಲಿಲ್ಲ.

"ಮುಂದಿರೋರು ನಿಮ್ಮ ತಂಗೀನಾ?" ದಪ್ಪನೆಯವನು ಡುಬ್ಬ ಬಿಡದೆಯೇ ಕೇಳಿದ.

"ಅಲ್ಲ. ವಾರಗಿತ್ತಿ."

"ಎಷ್ಟು ಚೆನ್ನಾಗಿ ಮಾತಾಡ್ತಾರೆ! ಅಂಥೋರು ಮನೇಲಿರೋಕೆ ಪುಣ್ಯ ಮಾಡಿರ್ಬೇಕು ನೀವು."

"ಮಾಡಿದೀನಲ್ಲ. ಆ ಪುಣ್ಯಾನೇ ಈಗ ಮೂಗು ಬಾಯಿಗೆಲ್ಲ ಹೋಗ್ತಿರೋದು," ಎಂದು ಉಲ್ಬೋಸಿನ್ ದೂಳು ಉಗುಳಿದಳು.

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಅತ್ತೆ ಹಗ್ಗ ಕೊಟ್ಟದ್ದನ್ನು ನುಂಗಿಕೊಂಡಾಳು, ಅತಿಥಿಗಳು ಕರಗಿದ್ದನ್ನೂ ನುಂಗಿಕೊಂಡಾಳು. ನುಂಗಲಾಗದ್ದು ಕೊಂಗಿರ್ ನಡೆಯುತ್ತಿದ್ದ ರೀತಿ. ಆ ಒಂಟೆ ಹುಟ್ಟಿದ್ದೇ ಉಲ್ಬೋಸಿನಳ ಕೈಯಲ್ಲಿ. ಒದ್ದೆ ಮೈಯನ್ನು ತನ್ನ ಕೋಟಿನಲ್ಲಿ ಸುತ್ತಿ ಒರೆಸಿದ್ದಳು. ಈಗ ಅದು ಕತ್ತು ಚಾಚಿ, ಹಗ್ಗ ಸಡಿಲವಾಗಿಯೇ ಇದ್ದರೂ, ಅಕ್ಲಿಮಾಳ ಭುಜ ಮೂಸುತ್ತ ಹಿಂದೆ ಹಿಂದೆ ಹೋಗುತ್ತಿತ್ತು. ಒಮ್ಮೆಯಾದರೂ ಹಟ ಮಾಡಬಾರದೇ? ಒಮ್ಮೆಯಾದರೂ ಹಿಂದೆ ತಿರುಗಿ ನೋಡಬಾರದೇ? ನಿನಗೂ ಬೆಣ್ಣೆ ಬೇಕಾಯಿತೇನೇ ಎಂದು ಉಲ್ಬೋಸಿನ್ ಮನಸ್ಸಿನಲ್ಲೇ ಬೈದಳು.

ಕಣಿವೆ ಎರಡಾಗಿ ಒಡೆಯುವ ಜಾಗ ಬಂತು. ಬಲದ ದಾರಿ ಕಲ್ಲಿನ ದಿಣ್ಣೆ ಏರುತ್ತದೆ, ನೋಡಲು ಏನೂ ಇಲ್ಲ. ಎಡದ್ದು ಕೆಳಗಿಳಿದು ಉಪ್ಪಿನ ಬಯಲಿನ ಅಂಚು ಹಿಡಿಯುತ್ತದೆ. ಬಯಲು ಕಣ್ಣು ಕುಕ್ಕುವಷ್ಟು ಬಿಳಿ, ಅದರಾಚೆ ಕೆಂಪು ಪಟ್ಟೆಯ ಬೆಟ್ಟಗಳು. ರಜೆಯ ಮೇಲೆ ಬಂದ ಯಾರೇ ಆದರೂ ಎಡಕ್ಕೇ ಬೆರಳು ತೋರುತ್ತಾರೆ.

ಆದರೆ ಕಲಾಂಪಿರ್ ಆ ದಾರಿ ಬಿಟ್ಟು ಮೂರು ವಸಂತಗಳಾಗಿದ್ದವು. ಅಕ್ಲಿಮಾ ಮನೆಗೆ ಬರುವುದಕ್ಕೆ ಮುಂಚೆ ಒಂದು ಮಳೆ ಬಿದ್ದ ಮಾರನೆಯ ದಿನ, ಕೊಂಗಿರ್‌ನ ಮರಿ ಆ ಉಪ್ಪಿನ ಕೆಸರಿಗೆ ಇಳಿದು ಹೂತುಹೋಗಿತ್ತು. ಉಲ್ಬೋಸಿನ್ ಸೊಂಟದವರೆಗೆ ಇಳಿದು ಎಳೆದಿದ್ದಳು. ಎಳೆದಷ್ಟೂ ಕೆಸರು ಒಳಕ್ಕೆ ಸೆಳೆಯಿತು. ಕೊನೆಗೆ ಬೈಸಾಲ್ ಹಗ್ಗ ಹಾಕಿ ಹೆಂಡತಿಯನ್ನು ಮೇಲೆಳೆದುಕೊಂಡ, ಮರಿ ಅಲ್ಲೇ ಉಳಿಯಿತು. ಕೊಂಗಿರ್ ಮೇವು ನೀರು ಬಿಟ್ಟು ಆ ದಡದಲ್ಲೇ ನಿಂತು ಅತ್ತಿತು. ತಾಯೊಂಟೆ ಮರಿ ಸತ್ತ ಜಾಗ ಮರೆಯುವುದಿಲ್ಲ. ಅಂಥದನ್ನು ಮತ್ತೆ ಅಲ್ಲಿಗೆ ಕರೆದೊಯ್ಯಬಾರದು ಎಂಬುದು ಆ ಸೀಮೆಯ ಎಳೆಮಕ್ಕಳಿಗೂ ಗೊತ್ತು. ಕೊಂಗಿರ್‌ಗೆ ಅಂಥ ಜಾಗವೊಂದಿದೆ ಎಂಬುದು ಮಾತ್ರ ಅಕ್ಲಿಮಾಳಿಗೆ ಗೊತ್ತಿರಲಿಲ್ಲ. ಅವಳು ಬಿಡಾರದಲ್ಲೇ ಉಳಿದು ಅತಿಥಿಗಳನ್ನು ನೋಡಿಕೊಳ್ಳುತ್ತಿದ್ದವಳು, ಮತ್ತು ಆ ಸಾವಿನ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಅಕ್ಲಿಮಾ ನಿಂತಳು. ಟೋಪಿಯ ಹೆಂಗಸು ಎಡಕ್ಕೆ ಕೈ ಚಾಚಿ ಏನೋ ಕೂಗಾಡುತ್ತಿದ್ದಳು. ಅಕ್ಲಿಮಾ ಹಣೆಗೆ ಕೈ ಅಡ್ಡ ಹಿಡಿದು ಹಿಂದೆ ನೋಡಿದಳು. ಬಾಲದವಳ ಕೂಗಿಗಾಗಿ ಕಾದಳು.

ಬಲಕ್ಕೆ ಎಂಬ ಮಾತು ಉಲ್ಬೋಸಿನಳ ನಾಲಗೆಯ ತುದಿಗೆ ಬಂದಿತ್ತು. ಅವಳು ಬಗ್ಗಿ, ಕೊನೆಯ ಒಂಟೆಯ ಪಾದದಲ್ಲಿ ಕಲ್ಲು ಸಿಕ್ಕಿದೆಯೇ ಎಂದು ನೋಡತೊಡಗಿದಳು. ಕಲ್ಲೇನೂ ಇರಲಿಲ್ಲ. ತಲೆ ಎತ್ತುವಷ್ಟರಲ್ಲಿ ಕೊಂಗಿರ್ ಎಡಕ್ಕೆ ತಿರುಗಿಯಾಗಿತ್ತು.

ಇಳಿಜಾರಿನಲ್ಲೂ ಅವಳು ಕೂಗದೆ ಹಿಂದೆಯೇ ಇಳಿದಳು. ಹೊಟ್ಟೆಗೆ ಹಾಲು ಹೊಯ್ದಂತಿತ್ತು. ಈಗ ಗೊತ್ತಾಗುತ್ತದೆ. ಮಾತಿನಿಂದ ಒಂಟೆ ನಡೆಯುತ್ತದೆಯೇ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಬೆಣ್ಣೆ ಕರಗಲಿ.

ಉಪ್ಪಿನ ಅಂಚು ಮುಟ್ಟುತ್ತಲೇ ಕೊಂಗಿರ್ ನಿಂತಿತು. ಮೂಗು ಎತ್ತಿ ಗಾಳಿ ಮೂಸಿತು. ಆಮೇಲೆ ಅದರ ಗಂಟಲಿನಿಂದ ಬಂದ ದನಿಗೆ ಹಿಂದಿನ ಒಂಟೆಗಳೆಲ್ಲ ಕಿವಿ ನಿಮಿರಿಸಿದವು. ಯಾರೂ ಶೋಕ್ ಎನ್ನದೆಯೇ ಅದು ಮುಂಗಾಲು ಮಡಚಿ ಕುಸಿಯಿತು. ಟೋಪಿ ಹಾರಿಹೋಯಿತು, ಹೆಂಗಸು ಡುಬ್ಬಕ್ಕೆ ಜೋತುಬಿದ್ದು ಕಿರುಚಿದಳು. ಅಕ್ಲಿಮಾ ಗಾಬರಿಯಲ್ಲಿ ಹಗ್ಗ ಜಗ್ಗಿದಳು. ಹಗ್ಗ ಕಟ್ಟಲು ಮೂಗಿಗೆ ಚುಚ್ಚಿದ್ದ ಮರದ ಕಡ್ಡಿ ಹೊರಳಿತು, ರಕ್ತ ತೊಟ್ಟಿಕ್ಕಿತು. ಅಕ್ಲಿಮಾ ಹಗ್ಗವನ್ನು ಬೆಂಕಿ ಮುಟ್ಟಿದವಳಂತೆ ಕೈಬಿಟ್ಟಳು.

ಒಂಟೆ ಅಳುವುದನ್ನು ಕಣ್ಣಾರೆ ನೋಡದವರು ನಂಬುವುದಿಲ್ಲ. ದೊಡ್ಡ ದೊಡ್ಡ ಹನಿಗಳು. ಕೂದಲು ನೆನೆದು ಕೆನ್ನೆಗೆ ಅಂಟುತ್ತದೆ.

ಅಕ್ಲಿಮಾ ಬಯ್ಯಲಿಲ್ಲ, ಹೊಡೆಯಲಿಲ್ಲ. ಹಿಂದಿನ ಒಂಟೆಯ ಗಂಟು ಬಿಚ್ಚಿ ಕೊಂಗಿರ್‌ನನ್ನು ಬೇರೆ ಮಾಡಿದಳು. ಹೆಂಗಸನ್ನು ಇಳಿಸಿದಳು. ಆಮೇಲೆ ಆ ಚೆಂದದ ಲಂಗದಲ್ಲೇ ಉಪ್ಪಿನ ಮೇಲೆ ಕೂತುಬಿಟ್ಟು, "ಏನಾಯ್ತಮ್ಮಾ? ಏನಾಯ್ತು ನಿಂಗೆ?" ಎಂದು ಒಂಟೆಯನ್ನೇ ಕೇಳಿದಳು.

"ಏನಾಗಿದೆ ಅದಕ್ಕೆ?" ದಪ್ಪನೆಯವನು ಮೇಲಿನಿಂದ ಉಲ್ಬೋಸಿನಳನ್ನು ಕೇಳಿದ.

"ಅದರ ಮರಿ ಅಲ್ಲಿ ಸತ್ತಿತ್ತು," ಎಂದಳು ಅವಳು, ಮೆತ್ತಗೆ.

ಅವನು ಮೆತ್ತಗೆ ಮಾತಾಡಿ ಗೊತ್ತಿದ್ದವನಲ್ಲ. "ಅದರ ಮರಿ ಇಲ್ಲೇ ಸತ್ತಿದ್ದಂತೆ ಕಣ್ರೀ!" ಎಂದು ಬಯಲಿಗೆಲ್ಲ ಕೇಳುವಂತೆ ಸಾರಿದ. ಅಕ್ಲಿಮಾ ತಲೆ ಎತ್ತಿದಳು. ಸಾಲಿನುದ್ದಕ್ಕೂ ನೋಡಿ, ಕಟ್ಟಕಡೆಗೆ ಉಲ್ಬೋಸಿನಳನ್ನು ನೋಡಿದಳು. ಬಹಳ ಹೊತ್ತೇನಲ್ಲ. ಮತ್ತೆ ಒಂಟೆಯ ಕಡೆ ತಿರುಗಿ ಅದರ ಕತ್ತಿನ ಮೇಲೆ ಕೈಯಿಟ್ಟಳು. "ಅಳು. ಅತ್ಕೋ. ನಮಗೇನೂ ಅವಸರ ಇಲ್ಲ," ಎಂದಳು.

ಅತಿಥಿಗಳು ಒಬ್ಬೊಬ್ಬರಾಗಿ ಇಳಿದು ಅವಳ ಸುತ್ತ ಬಂದು ನಿಂತರು. ಯಾರೂ ಫೋಟೊ ತೆಗೆಯಲಿಲ್ಲ. ಟೋಪಿಯ ಹೆಂಗಸು ಕಣ್ಣೊರೆಸಿಕೊಂಡು ಅಕ್ಲಿಮಾಳ ಭುಜ ಸವರಿದಳು. ಉಲ್ಬೋಸಿನ್ ದೂರದಲ್ಲಿ ಒಬ್ಬಳೇ ನಿಂತು ನೋಡಿದಳು. ಅಕ್ಲಿಮಾಳನ್ನು ಬೀಳಿಸಲು ತೋಡಿದ ಗುಂಡಿಯಲ್ಲೂ ಅವಳೇ ಗೆದ್ದಿದ್ದಳು. ಹಾಳಾದವಳಿಗೆ ಸೋಲಲೂ ಬರುವುದಿಲ್ಲವೇ?

ಆಗ ಕೊಂಗಿರ್ ಎದ್ದಿತು. ಅಕ್ಲಿಮಾಳನ್ನು ದಾಟಿ, ಅತಿಥಿಗಳನ್ನು ದಾಟಿ, ಒಂಟೆಗಳ ಸಾಲಿನುದ್ದಕ್ಕೂ ಹಿಂದೆ ನಡೆದು ಬಂದು, ಒದ್ದೆ ಮುಖವನ್ನು ಉಲ್ಬೋಸಿನಳ ಕುತ್ತಿಗೆಗೆ ಒತ್ತಿತು. ಕೆಸರಿನಲ್ಲಿ ಅವತ್ತು ಜತೆಗಿದ್ದವಳು ಯಾರೆಂದು ಅದಕ್ಕೆ ನೆನಪಿತ್ತು. ಬೆಳಗಿನಿಂದ ಅವಳು ಬಯಸಿದ್ದು ಇದನ್ನೇ. ಎಲ್ಲರೆದುರು ಒಂಟೆ ಅವಳನ್ನು ಆರಿಸಿಕೊಂಡಿತ್ತು. ಮೂಗಿನ ರಕ್ತ ಹೊಸ ತಲೆವಸ್ತ್ರಕ್ಕೆ ಹತ್ತಿತು. ಅವಳಿಗೆ ಕೈ ಎತ್ತಿ ಅದನ್ನು ಮುಟ್ಟಲು ನಾಚಿಕೆಯಾಯಿತು.

ಅಕ್ಲಿಮಾ ನೆಲದ ಮೇಲೆ ಬಿದ್ದಿದ್ದ ಹಗ್ಗದ ತುದಿ ಎತ್ತಿಕೊಂಡು ಬಂದಳು.

"ತಗೊಳ್ಳಿ ಅಕ್ಕಾ. ನೀವೇ ಹಿಡ್ಕೊಳ್ಳಿ. ನೀವು ಹಿಂದಿನಿಂದ ಕೂಗಿರ್ತೀರಿ, ಈ ಗಾಳೀಲಿ ನಂಗೆ ಕೇಳಿಸ್ಲಿಲ್ಲ."

ಗಾಳಿ ಬೆಳಗಿನಿಂದಲೂ ಬೆನ್ನ ಹಿಂದಿನಿಂದ ಬೀಸುತ್ತಿತ್ತು. ಬಾಲದಲ್ಲಿ ಕೆಮ್ಮಿದರೂ ಮುಂದಿನವಳ ಕಿವಿಗೆ ಬೀಳುವ ಗಾಳಿ. ಅದು ಉಲ್ಬೋಸಿನಳಿಗೆ ಗೊತ್ತಿತ್ತು. ಅಕ್ಲಿಮಾಳ ಕಣ್ಣು ನೋಡಿದರೆ ಅವಳಿಗೂ ಗೊತ್ತಿತ್ತು.

"ಹೂಂ. ಕೂಗಿದ್ದೆ," ಎಂದಳು ಉಲ್ಬೋಸಿನ್, ಹಗ್ಗ ತೆಗೆದುಕೊಂಡಳು.

ಕಲ್ಲಿನ ದಿಣ್ಣೆಯ ದಾರಿಯಲ್ಲಿ ಮರಳಿದರು. ಮೊದಲ ಸಲ ಅವಳ ಮುಂದೆ ದೂಳಿರಲಿಲ್ಲ, ಬರೀ ತೆರೆದ ದಾರಿ. ಕೊಂಗಿರ್ ತಲೆ ತಗ್ಗಿಸಿ ಹಿಂದೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಬಾಲದ ಕಡೆಯಿಂದ ನಗು ಕೇಳಿತು. ದಪ್ಪನೆಯವನಿಗೆ ಅಕ್ಲಿಮಾ ಏನೋ ಹೇಳಿರಬೇಕು. ಮುಂದಿದ್ದವರೂ ಜೀನಿನ ಮೇಲೆ ಹಿಂದೆ ತಿರುಗಿ ಕೂತು ಕೇಳಿಸಿಕೊಳ್ಳುತ್ತಿದ್ದರು. ಹಗ್ಗ ಇವಳ ಕೈಗೆ ಬಂದ ಕೂಡಲೇ ಹಬ್ಬ ಬಾಲಕ್ಕೆ ಹೋಗಿಬಿಟ್ಟಿತ್ತು. ಈಗ ಅವಳಿಗೆ ಬಾಲದ ಮೇಲೂ ಹೊಟ್ಟೆಯುರಿ.

ಸಂಜೆ ಬಿಸಿಲಿರುವಾಗಲೇ ಬಿಡಾರ ಮುಟ್ಟಿದರು. ಕಲಾಂಪಿರ್ ಗುಡಾರದ ಮುಂದೆ ಕೂತಿದ್ದವಳು ಕೊಂಗಿರ್‌ನ ಮೂಗು ನೋಡಿದಳು, ಕಾಲಿಗೆ ಮೆತ್ತಿದ ಉಪ್ಪು ನೋಡಿದಳು.

"ಕೆಳಗೆ ಯಾರು ಇಳಿಸಿದ್ದು ಇವಳನ್ನ?"

"ನಾನೇ ಅಪಾ," ಎಂದಳು ಅಕ್ಲಿಮಾ. "ಅಕ್ಕ ಹಿಂದಿನಿಂದ ಕೂಗಿದ್ರು. ನಂಗೆ ಕೇಳಿಸ್ಲಿಲ್ಲ, ಮಾತಲ್ಲಿದ್ದೆ. ತಪ್ಪು ನಂದೇ. ಹಗ್ಗ ಅಕ್ಕಂಗೇ ಕೊಟ್ಬಿಡಿ. ಕೊಂಗಿರ್ ಕೂಡ ಅವರ ಹತ್ರಾನೇ ಹೋಯ್ತು."

ಮುದುಕಿ ಹಗ್ಗವನ್ನು ಕೈಗೆ ತೆಗೆದುಕೊಂಡು, ಸುತ್ತಿ, ಹಿರಿಸೊಸೆಯ ಕಡೆ ಚಾಚಿದಳು. "ಹಾಗಿದ್ರೆ ತಗೋ. ಕಿವಿ ಇಲ್ದೋಳು ಮುಂದೆ ನಡೆಯೋದು ಬೇಡ. ರೂಢಿಗೆ ನಾನು ಸಮಾಧಾನ ಹೇಳ್ಕೋತೀನಿ."

ಇಪ್ಪತ್ತು ವರ್ಷ ಕಾದದ್ದು ಒಂದು ಮೊಳ ದೂರದಲ್ಲಿತ್ತು. ಉಲ್ಬೋಸಿನ್ ಕೈ ಚಾಚಿದಳು. ಪಕ್ಕದಲ್ಲಿ ಅಕ್ಲಿಮಾ ನಿಂತಿದ್ದಳು, ಲಂಗದ ತುಂಬ ಉಪ್ಪು, ಮುಖದಲ್ಲಿ ಒಂದಿಷ್ಟೂ ಕಹಿಯಿಲ್ಲ. ಇಷ್ಟು ದಿನ ಅವಳ ಮಾತಿಗೆ, ನಗುವಿಗೆ, ಅತ್ತೆ ತಿಂದ ಸೀದ ರೊಟ್ಟಿಗೆ ಹೊಟ್ಟೆ ಉರಿದಿತ್ತು. ಇವತ್ತು ಉರಿದದ್ದು ಅವಳ ಮನಸ್ಸಿಗೆ. ಇಂಥ ಮನಸ್ಸು ತನಗೇಕಿಲ್ಲ? ಈ ಹಗ್ಗ ಹಿಡಿದರೆ ಸಾಯುವ ತನಕ ಅವಳು ಭಿಕ್ಷೆ ಕೊಟ್ಟದ್ದನ್ನು ಹಿಡಿದುಕೊಂಡು ನಡೆಯಬೇಕು.

"ನಾನು ಕೂಗಲಿಲ್ಲ ಅಪಾ," ಎಂದಳು ಉಲ್ಬೋಸಿನ್. "ಅವಳು ತಿರುಗಿ ನೋಡಿದ್ಲು. ನಾನು ಬೇಕಂತಲೇ ತಲೆ ಬಗ್ಗಿಸ್ದೆ."

"ಅಕ್ಕಾ, ಬಿಡಿ..." ಎಂದಳು ಅಕ್ಲಿಮಾ.

"ನೀನು ಸುಮ್ನಿರೇ! ಎಲ್ಲಾದ್ರಲ್ಲೂ ನೀನೇ ಒಳ್ಳೆಯವಳಾಗ್ಬೇಕಾ?"

ಕಲಾಂಪಿರ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಮುಖದಲ್ಲಿ ಅಚ್ಚರಿಯೇನೂ ಇರಲಿಲ್ಲ.

"ಗೊತ್ತು. ನೀನು ಕೂಗಿದ್ರೆ ನಂಗೆ ಇಲ್ಲಿಗೇ ಕೇಳಿಸಿರೋದು. ನಿನ್ನ ಗಂಟಲು ನಂಗೆ ಗೊತ್ತಿಲ್ವಾ?" ಹಗ್ಗವನ್ನು ಅಕ್ಲಿಮಾಳ ಕೈಗೆ ಹಾಕಿದಳು. "ಬಾಲದೋಳ ಬಾಯಿ ನಂಬ್ಕೊಂಡು ಮುಂದಿನೋಳು ಕಣ್ಣು ಮುಚ್ಚಿ ನಡೀತಾಳೆ ಕಣೇ. ಅಷ್ಟು ವರ್ಷ ನಾನು ನಡೆದದ್ದೂ ಹಾಗೇ. ನಾಳೆ ಕೂಗು."

ಅಷ್ಟು ಹೇಳಿ ಕೋಲೂರಿಕೊಂಡು ಒಳಗೆ ಹೋದಳು. ಇಪ್ಪತ್ತು ವರ್ಷದಲ್ಲಿ ಅವಳ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಬರಬಾರದ ದಿನ ಬಂದಿತ್ತು.

ಮಾರನೆಯ ಬೆಳಿಗ್ಗೆ ಕೊಂಗಿರ್‌ನ ಮೂಗಿಗೆ ಮದ್ದು ಹಚ್ಚಿ ಬಿಡಾರದಲ್ಲೇ ಬಿಟ್ಟು, ಬೇರೊಂದು ಒಂಟೆಯನ್ನು ಮುಂದೆ ಮಾಡಿ ಸಾಲು ಹೊರಟಿತು. ಮುಂದೆ ಅಕ್ಲಿಮಾ, ಅದೇ ನಡಿಗೆ, ಅದೇ ಮದುಮಗಳ ಅದೇ ಮಣಿಗಳು, ಅತಿಥಿಗಳ ಅದೇ ಆಹಾ. ಹಿಂದೆ ಉಲ್ಬೋಸಿನ್ ದೂಳು ತಿನ್ನುತ್ತ ನಡೆದಳು. ಹೊಟ್ಟೆಯುರಿ ಒಂದು ರಾತ್ರಿಗೆ ಆರುವಂಥದಲ್ಲ, ಆರಿರಲೂ ಇಲ್ಲ. ಆ ಹುಡುಗಿಯ ಬೆನ್ನು ನೋಡಿದಷ್ಟೂ ಮೈಯೆಲ್ಲ ಉರಿಯುತ್ತಿತ್ತು.

ಕಣಿವೆ ಒಡೆಯುವ ಜಾಗದಲ್ಲಿ ಅಕ್ಲಿಮಾ ನಿಂತಳು. ಈಗ ದಾರಿ ಗೊತ್ತಿತ್ತು. ಆದರೂ ಹಣೆಗೆ ಕೈ ಹಿಡಿದು ಹಿಂದೆ ತಿರುಗಿ, ಕಾದಳು.

"ಬಲಕ್ಕೆ!" ಉಲ್ಬೋಸಿನ್ ಕೂಗಿದಳು. ಗಂಟಲು ಹರಿಯುವ ಹಾಗೆ, ಇಪ್ಪತ್ತು ವರ್ಷದ್ದನ್ನೆಲ್ಲ ಸೇರಿಸಿ ಕೂಗಿದಳು. "ಬಲಕ್ಕೆ ತಿರುಗಿಸೇ, ಬಲಕ್ಕೆ!"

ಹಿಂದಿನ ಒಂಟೆ ಬೆದರಿ ಪಕ್ಕಕ್ಕೆ ಹಾರಿತು, ಅದರ ಮೇಲಿದ್ದವನು ಕಿವಿ ಮುಚ್ಚಿಕೊಂಡ.

"ಕೇಳಿಸ್ತು ಅಕ್ಕಾ!" ಮುಂದಿನಿಂದ ನಗು ತುಂಬಿದ ದನಿ ಬಂತು. "ಅಪಾಗೂ ಕೇಳಿಸಿರುತ್ತೆ!"

ಉಲ್ಬೋಸಿನ್ ಹಲ್ಲು ಕಚ್ಚಿಕೊಂಡು, ಒಂಟೆಯನ್ನು ಸಾಲಿಗೆ ತಳ್ಳಿ, ದೂಳಿನಲ್ಲಿ ಮುಂದೆ ನಡೆದಳು.